ನಲವತ್ತು ಗಂಡಂದಿರ ಹೆಸರು

ಚಿಕ್ಕಬೋರಮ್ಮನಿಗೆ ಇವತ್ತು ಜ್ವರ ಬಂದಿರಲಿ, ಅವಳ ಎಮ್ಮೆ ಈಯಲಿ, ಬಸ್ಸಾದರೂ ಕೆಟ್ಟು ನಿಲ್ಲಲಿ, ಹೇಗಾದರೂ ಆಗಿ ಅವಳು ಬಾರದೇ ಇರಲಿ ಎಂದು ಪವಿತ್ರ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬೇಡಿಕೊಳ್ಳುತ್ತಿದ್ದಳು. ಅರವತ್ತು ದಾಟಿದ ಹೆಂಗಸಿಗೆ ಜ್ವರ ಬರಲಿ ಅಂತ ಬೇಡುವ ಮಟ್ಟಕ್ಕೆ ಬಂದೆನಲ್ಲ ಅನ್ನಿಸಿ, ಜ್ವರ ಬೇಡ, ಎಮ್ಮೆ ಈಯುವುದೇ ಆಗಲಿ ಎಂದು ತಿದ್ದಿಕೊಂಡಳು. ಬೇಡಿಕೊಂಡು ಏನು ಬಂತು. ಎಂಟೂವರೆಗೆ ತೊಣ್ಣೂರು ಕಡೆಯ ಬಸ್ಸು ಬಂದು ನಿಂತಿತು, ಮೊದಲು ಇಳಿದವಳೇ ಚಿಕ್ಕಬೋರಮ್ಮ. ಮದುವೆಗೆ ಉಡುವ ರೇಷ್ಮೆಸೀರೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆ, ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಅವರೆಕಾಯಿ. “ಸೊಗಡಿನ ಕಾಯಿ ಕಣವ್ವ, ಹೊಲ್ದಾಗಿಂದ ಬೆಳಿಗ್ಗೆ ಕಿತ್ತಿದ್ದು, ಮನೇಲಿ ಉಪ್ಪುಸಾರ್ ಮಾಡು” ಎಂದು ಅದನ್ನು ಪವಿತ್ರಳ ಮಡಿಲಿಗೇ ಇಟ್ಟಳು. ಬೇಡ ಅನ್ನುವ ಯೋಗ್ಯತೆಯೂ ತನಗಿಲ್ಲ ಎಂದುಕೊಂಡು ಪವಿತ್ರ ಚೀಲ ಹಿಡಿದುಕೊಂಡಳು.

ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಪವಿತ್ರ ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದಲೂ ಅತಿಥಿಯೇ, ಸ್ಟಾಫ್ ರೂಮಿನಲ್ಲಿ ಅವಳಿಗೊಂದು ಸ್ವಂತ ಕುರ್ಚಿಯಿಲ್ಲ. ಹಾಗಾಗಿ ಎರಡು ವರ್ಷದ ಹಿಂದೆ ಮೈಸೂರಿನಿಂದ ರಘುನಂದನ್ ಎಂಬ ಸಂಯೋಜಕ ಬಂದು, ನಮ್ಮ ದೇಶವೂ ಹೊರಗಿನ ಎರಡು ದೇಶಗಳೂ ಸೇರಿ ಮಾಡುತ್ತಿರುವ ಯೋಜನೆ ಇದು, ಕಂಪ್ಯೂಟರು ನಮ್ಮ ಹಳ್ಳಿಗಳ ಕನ್ನಡ ಕಲಿಯಬೇಕು, ಅದಕ್ಕೆ ಹೆಂಗಸರ ಮಾತು ಬೇಕು, ನಿಮ್ಮಂಥವರೇ ಸರಿ ಎಂದಾಗ, ಆ ‘ನಿಮ್ಮಂಥವರು’ ಅನ್ನುವುದು ಒಂದು ವಾರ ಅವಳ ಕಿವಿಯಲ್ಲಿತ್ತು. ಕೊರಳಿಗೆ ಹಾಕಿಕೊಳ್ಳಲು ಒಂದು ಕಾರ್ಡು ಕೊಟ್ಟರು. ಅದನ್ನು ಹಾಕಿಕೊಂಡೇ ಒಂದು ಸಲ ಕಾಲೇಜಿಗೂ ಹೋಗಿದ್ದಳು, ಯಾರೂ ಏನೂ ಕೇಳಲಿಲ್ಲ.

“ಇವತ್ತು ಅಳ್ಸಾಕ್ಬುಡ್ತಾರಾ?” ಚಿಕ್ಕಬೋರಮ್ಮ ಕೇಳಿದಳು. ಐದು ತಿಂಗಳಿಂದ ಅವಳು ಕೇಳುತ್ತಿದ್ದುದು ಇದೊಂದೇ. ಮೊದಮೊದಲು ಊರಿನ ಗ್ರಂಥಾಲಯದ ಹುಡುಗಿಯ ಕೈಲಿ ಫೋನು ಮಾಡಿಸಿ ಕೇಳುತ್ತಿದ್ದಳು, ಆಮೇಲೆ ಪಾಂಡವಪುರದ ಮನೆ ಹುಡುಕಿಕೊಂಡೇ ಬಂದಳು. ಆ ಹುಡುಗಿ ಒಂದು ದಿನ, ಪಕ್ಕದ ಮನೆಯವಳು ಈ ಯೋಜನೆಯ ಮೈಕಿಗೆ ಹುರುಳಿಕಾಳಿನ ಸಾರು ಮಾಡುವುದನ್ನು ಹೇಳಿದ್ದ ಮಾತನ್ನು ಫೋನಿನಲ್ಲಿ ಎಲ್ಲರಿಗೂ ಕೇಳಿಸಿದ್ದಳಂತೆ. ಪಕ್ಕದ ಮನೆಯವಳು ನಕ್ಕಳು, ಊರೆಲ್ಲ ನಕ್ಕಿತು, ಚಿಕ್ಕಬೋರಮ್ಮನಿಗೆ ಮಾತ್ರ ಆ ರಾತ್ರಿ ಅನ್ನ ಇಳಿಯಲಿಲ್ಲ. ಅವಳು ಸಾರಿನ ವಿಷಯ ಮಾತಾಡಿರಲಿಲ್ಲ.

ದನಿ ಹಿಡಿದದ್ದು ಊರಿನ ಹಾಲಿನ ಡೈರಿಯ ಕೋಣೆಯಲ್ಲಿ. ಹತ್ತು ನಿಮಿಷ, ನಿಮ್ಮದೇ ಮಾತು, ಏನು ಬೇಕಾದರೂ ಮಾತಾಡಿ ಎಂದು ಪವಿತ್ರ ಎಲ್ಲರಿಗೂ ಹೇಳಿದ್ದಳು. ಕೆಲವರು ಎಮ್ಮೆಯ ಮಾತಾಡಿದರು, ಕೆಲವರು ಸೊಸೆಯನ್ನು ಬೈದರು. ಚಿಕ್ಕಬೋರಮ್ಮ ಮೈಕಿನ ಮುಂದೆ ಕೂತು, ಏನೂ ತೋಚದೆ, ಬೆರಳಿನಿಂದ ಮೇಜಿನ ಮೇಲಿದ್ದ ಹಾಲಿನ ಕಲೆ ಕೆರೆಯುತ್ತ, ಮೂವತ್ತೊಂದು ವರ್ಷದ ಹಿಂದೆ ಹುಟ್ಟಿದ ಮೂರನೆಯ ಹೆಣ್ಣುಕೂಸಿನ ವಿಷಯ ಹೇಳತೊಡಗಿದಳು. ಏಳನೆಯ ದಿನ ಗಂಡ ಅದನ್ನು ಎತ್ತಿಕೊಂಡು ಹೋಗಿ ನಾಗಮಂಗಲದಲ್ಲಿದ್ದ, ಮಕ್ಕಳಿಲ್ಲದ ತನ್ನ ಚಿಕ್ಕಪ್ಪನ ಮಗನ ಮನೆಗೆ ಕೊಟ್ಟು ಬಂದ. ಎದೆಹಾಲು ಬತ್ತಲು ಮಲ್ಲಿಗೆ ಹೂ ಕಟ್ಟಿಕೊಂಡು ಮಲಗಿದ್ದಳಂತೆ. ಅದೇ ಕೂಸು ಈಗ ರಂಜಿತ, ನಾಗಮಂಗಲದಲ್ಲಿ ಟೀಚರು, ಮದುವೆಮನೆಗಳಲ್ಲಿ ಸಿಕ್ಕರೆ ‘ದೊಡ್ಡವ್ವ’ ಎಂದು ಕಾಲು ಮುಟ್ಟುತ್ತಾಳೆ. ಅವಳಿಗೆ ಗೊತ್ತಿಲ್ಲ. ಹೇಳುತ್ತ ಹೇಳುತ್ತ ಚಿಕ್ಕಬೋರಮ್ಮ ಅತ್ತುಬಿಟ್ಟಳು. ಪವಿತ್ರ ಆಗ ಏನು ಮಾಡಿದಳು? ಮೈಕನ್ನು ಒಂದಿಷ್ಟು ಮುಂದಕ್ಕೆ ಸರಿಸಿದಳು. ಎಂಥ ಭಾಷೆ, ಎಂಥ ಏರಿಳಿತ, ನಲವತ್ತು ಜನರಲ್ಲಿ ಇದೊಂದೇ ಸಾಕು ಎಂದುಕೊಂಡಳು. ಮುಗಿದ ಮೇಲೆ ಮುದುಕಿಯ ಭುಜ ತಟ್ಟಿ, ಎಷ್ಟು ಚೆನ್ನಾಗಿ ಮಾತಾಡಿದಿರಿ ಅಮ್ಮ ಎಂದಿದ್ದಳು. ಆ ಮಾತು ನೆನಪಾದಾಗಲೆಲ್ಲ ಪವಿತ್ರಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆದರೆ ಅಳಿಸಿಹಾಕುವುದಕ್ಕೆ ಅಡ್ಡ ನಿಂತಿದ್ದು ಆ ಕಥೆಯಲ್ಲ. ಅದಕ್ಕೂ ಹಿಂದಿನ ಒಂದು ವಾಕ್ಯ. ಪ್ರತಿಯೊಬ್ಬಳೂ ಮಾತಾಡುವ ಮೊದಲು ಫೋನಿನ ತೆರೆಯ ಮೇಲೆ ಬಂದದ್ದನ್ನು ತನ್ನ ಬಾಯಲ್ಲಿ ಹೇಳಬೇಕಿತ್ತು. ನಾನು, ಇಂಥವರ ಹೆಂಡತಿ ಇಂಥವಳು, ನನ್ನ ದನಿಯನ್ನು ಕೊಡಲು ಒಪ್ಪಿದ್ದೇನೆ. ಗಂಡನ ಹೆಸರು ಅವರವರ ಆಧಾರ್ ಕಾರ್ಡಿನಿಂದ ತಾನಾಗಿ ಬಂದು ಕೂರುತ್ತಿತ್ತು. ಇದನ್ನು ಬರೆದ ಮಹಾನುಭಾವರು ಯಾವ ದೇಶದವರೋ, ಯಾವ ಎಂಟನೇ ಮಹಡಿಯವರೋ. ಡೈರಿಯ ಕೋಣೆಯಲ್ಲಿ ನಲವತ್ತು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ. ಒಬ್ಬಳು ನಮ್ಮ ಹುಡುಗರಪ್ಪ ಎಂದಳು, ಇನ್ನೊಬ್ಬಳು ನಮ್ಮನೇರು ಎಂದಳು, ಫೋನು ಕೆಂಪಗಾಗಿ ಒಲ್ಲೆ ಎಂದಿತು. ಮಧ್ಯಾಹ್ನವಾಯಿತು, ಹಾಲು ಹಾಕುವ ಹೊತ್ತಾಗುತ್ತ ಬಂತು. ಆಗ ಅವರೇ ಹೇಳಿದ್ದು, ನೀನೇ ಯೋಳ್ಬುಡವ್ವ ಅತ್ಲಾಗೆ. ಅವರಿಗೆ ಅದರಲ್ಲಿ ಮೋಸವೇನೂ ಕಾಣಲಿಲ್ಲ. ಆಸ್ಪತ್ರೆಯಲ್ಲಿ, ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಇವಳು ಪಕ್ಕದವಳ ಮುಖ ನೋಡುವುದು, ಪಕ್ಕದವಳು ಹೇಳುವುದು, ಅಜ್ಜಿಯ ಕಾಲದಿಂದ ನಡೆದುಬಂದದ್ದೇ. ಪವಿತ್ರ ತನ್ನ ಗಂಡ ದಿಲೀಪನನ್ನು ಅತ್ತೆಯ ಎದುರಿಗೇ ಹೆಸರು ಹಿಡಿದು ಕರೆಯುವವಳು, ಅದರ ಬಗ್ಗೆ ಒಂದಿಷ್ಟು ಜಂಬವೂ ಇದ್ದವಳು. ಫೋನು ಹಿಡಿದು ನಲವತ್ತು ಗಂಡಂದಿರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದಳು. ನಾನು, ಮರಿಸ್ವಾಮಿಯವರ ಹೆಂಡತಿ ಚಿಕ್ಕಬೋರಮ್ಮ. ನಾನು, ಚೌಡಯ್ಯನವರ ಹೆಂಡತಿ. ನಾನು, ದ್ಯಾವಯ್ಯನವರ ಹೆಂಡತಿ. ಪ್ರತಿ ಹೆಸರಿಗೂ ಹೆಂಗಸರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಅವತ್ತು ಅವಳೂ ನಕ್ಕಿದ್ದಳು. ಕೆಳಗಿದ್ದ ಇನ್ನೊಂದು ಪ್ಯಾರಾವನ್ನು, ಈ ದನಿ ಹೊರದೇಶಗಳಿಗೂ ಹೋಗುತ್ತದೆ ಅನ್ನುವುದನ್ನು, ಹೊತ್ತಾಯಿತೆಂದು ಓದಿ ಹೇಳಲೇ ಇಲ್ಲ.

ಈಗ ಮೂರು ದೇಶಗಳೂ ಸೇರಿ ಹೊಸ ಒಪ್ಪಂದ ಮಾಡಿಕೊಂಡಿವೆ. ಯಾರ ದನಿಯನ್ನೂ ಅವರ ಒಪ್ಪಿಗೆಯಿಲ್ಲದೆ ಯಾವ ದೇಶದ ಯಂತ್ರವೂ ಕಲಿಯಕೂಡದು, ಕೊಟ್ಟವರು ವಾಪಸು ಕೇಳಿದರೆ ಕೊಡಬೇಕು. ವಾಪಸು ಕೇಳುವವಳು ಅದೇ ವಾಕ್ಯ ಹೇಳಬೇಕು, ಯಂತ್ರ ಅದನ್ನು ಒಪ್ಪಿಗೆ ಕೊಟ್ಟ ದಿನದ ದನಿಗೆ ಹೋಲಿಸಿ ನೋಡುತ್ತದೆ, ಬೇರೆ ಯಾರೂ ಬಂದು ಕದಿಯಬಾರದಲ್ಲ. ಹೋದ ವಾರ ಈ ಕಾಗದವನ್ನು ಪವಿತ್ರ ಮೂರು ಸಲ ಓದಿದಳು. ಕಾಗದದಲ್ಲಿ ತಪ್ಪಿರಲಿಲ್ಲ, ಒಂದೊಂದು ಮಾತೂ ನ್ಯಾಯವಾಗಿತ್ತು, ಅದರಲ್ಲಿದ್ದ ತೂತು ಅವಳೇ. ರಘುನಂದನ್ ಫೋನು ಮಾಡಿ, ನಿಮ್ಮ ಕಡೆಯ ಚಿಕ್ಕಬೋರಮ್ಮ ಅನ್ನುವವರು ವಾಪಸು ಕೇಳಿದ್ದಾರಂತೆ, ಗ್ರಂಥಾಲಯದವರು ಬರೆದಿದ್ದಾರೆ, ಶ್ರೀರಂಗಪಟ್ಟಣದ ಸಭೆಯಲ್ಲಿ ಮೂರೂ ದೇಶದವರ ಮುಂದೆ ಪ್ರಾತ್ಯಕ್ಷಿಕೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ಕರೆದುಕೊಂಡು ಬನ್ನಿ ಎಂದ. ಹೇಳಬಹುದಿತ್ತು ಆಗಲೇ. ಸರ್, ಅದು ಅವಳ ದನಿಯಲ್ಲ, ನನ್ನದು. ಎಂಟು ಪದವೂ ಇಲ್ಲ. ಕೊರಳಿನ ಕಾರ್ಡು, ಮುಂದಿನ ವರ್ಷದ ಕೆಲಸಕ್ಕೆ ಅವನು ಕೊಟ್ಟಿದ್ದ ಮಾತು, ಪೊಲೀಸು ಕೇಸು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು, ಆಗಲಿ ಸರ್ ಎಂದಳು.

ಬಸ್ಸು ರೈಲ್ವೆ ಸ್ಟೇಷನ್ ದಾಟಿದ ಮೇಲೆ ಪವಿತ್ರಳಿಗೊಂದು ಉಪಾಯ ಹೊಳೆಯಿತು. ಹೊಳೆದಾಗಲೇ ಅದು ಕೊಳಕು ಎಂದೂ ಗೊತ್ತಾಯಿತು. ಅಮ್ಮ, ಇವತ್ತು ಯಜಮಾನರ ಹೆಸರು ನೀವೇ ಹೇಳಬೇಕು, ಬೇರೆ ಯಾರೂ ಹೇಳುವ ಹಾಗಿಲ್ಲ, ಎಲ್ಲರ ಮುಂದೆ, ಗಟ್ಟಿಯಾಗಿ ಎಂದಳು. ಚಿಕ್ಕಬೋರಮ್ಮನ ಕೈ ಮುಂದಿನ ಸೀಟಿನ ಕಂಬಿ ಹಿಡಿಯಿತು. ಮರಿಸ್ವಾಮಿ ಹೋದ ದೀಪಾವಳಿಯಲ್ಲಿ ಎದೆನೋವು ಬಂದು ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿದ್ದ. ಪವಿತ್ರಳಿಗೆ ಇದು ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದು. ಈಗ ಇಳಿದುಬಿಡುತ್ತಾಳೆ, ಬೇಡ ಬುಡವ್ವ ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು ಎಂದು ಕಾದಳು. ಮುದುಕಿ ಕಿಟಕಿಯಾಚೆ ನೋಡುತ್ತ ಕೂತಳು. ಹೊಳೆಯ ಸೇತುವೆಯ ಮೇಲೆ ಬಸ್ಸು ಬಂದಾಗ ಕಣ್ಣು ಮುಚ್ಚಿ ಎರಡು ಕೈ ಜೋಡಿಸಿದಳು. ಆಮೇಲೆ ತಿರುಗಿದಳು.

“ಯೋಳ್ತೀನಿ ಕಣವ್ವ. ಅವ್ರ್ಗೇನೂ ಆಗ್ದಂಗೆ ನೋಡ್ಕೊ ಅಂತ ರಂಗನಾಥ್ನಿಗೆ ಅರಕೆ ಕಟ್ಕಂಡೆ. ಆ ಮಗೀಗೆ ಗೊತ್ತಾಯ್ಬುಟ್ರೆ, ಸಾಕ್ದೋರ್ನೂ ಕಳ್ಕತದೆ, ನನ್ನೂ ಕಳ್ಕತದೆ.”

ಹೊಳೆಯ ದಂಡೆಯ ಹೋಟೆಲು. ತಣ್ಣಗಿನ ಹಾಲ್, ಮೂರು ದೇಶಗಳ ಬಾವುಟ, ಪ್ರತಿ ಕುರ್ಚಿಯ ಮೇಲೂ ಒಂದೊಂದು ಕಿವಿಯಂತ್ರ. ಚಿಕ್ಕಬೋರಮ್ಮ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟಳು, ಅರ್ಪಿತ ಎಂಬ ಸಂಘಟಕರ ಹುಡುಗಿ ಅದನ್ನು ಎತ್ತಿ ಗಿಡದ ಕುಂಡದ ಹಿಂದಕ್ಕಿಟ್ಟಳು. ಹೊರದೇಶದಿಂದ ಬಂದಿದ್ದ, ಬಿಳಿಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡಿದ್ದ ಹೆಂಗಸು ಎದ್ದು ಬಂದು ಎರಡೂ ಕೈ ಜೋಡಿಸಿ ನಮಸ್ಕಾರ ಅಂದಳು. ಒಳ್ಳೆಯವಳೇ, ಕಣ್ಣಲ್ಲಿ ಕಪಟವಿರಲಿಲ್ಲ. ನಿಮ್ಮ ದನಿ ನಿಮ್ಮ ಮನೆಯಿದ್ದ ಹಾಗೆ, ಅದರ ಬೀಗದಕೈ ನಿಮ್ಮ ಹತ್ತಿರವೇ ಇರಬೇಕು, ಅದಕ್ಕೇ ನಾವು ಇಷ್ಟು ದೂರದಿಂದ ಬಂದಿದ್ದೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ರಘುನಂದನ್ ಅದನ್ನು ಕನ್ನಡ ಮಾಡಿದ. ಮುದುಕಿ ತಲೆಯಾಡಿಸಿದಳು. ಪವಿತ್ರ ಹಿಂದಿನ ಸಾಲಿನಲ್ಲಿ, ಅವರೆಕಾಯಿ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದಳು. ತಣ್ಣಗಿನ ಸಭಾಂಗಣದಲ್ಲಿ ಸೊಗಡು ಏಳುತ್ತಿತ್ತು, ಮುಂದೆ ಕೂತವನೊಬ್ಬ ಮೂಗು ಅತ್ತಿತ್ತ ಆಡಿಸಿದ. ಅವಳು ಚೀಲವನ್ನು ಕುರ್ಚಿಯ ಕೆಳಕ್ಕೆ ತಳ್ಳಿದಳು, ತಳ್ಳಿದ್ದಕ್ಕೆ ನಾಚಿಕೆಯಾಯಿತು.

ಮೇಜಿನ ಮೇಲೆ ಯಂತ್ರ. ಕ್ಯಾಮೆರಾಗಳು ಎರಡು. ಯಂತ್ರ ಹೆಂಗಸಿನ ದನಿಯಲ್ಲಿ ಮಾತಾಡಿತು, ಮಂಡ್ಯದ ಕಡೆಯ ಎಳೆತವೂ ಸೇರಿದ ದನಿ, ಆ ನಲವತ್ತು ಜನರಿಂದ ಕಲಿತದ್ದು. ಗಟ್ಟಿಯಾಗಿ ಹೇಳಿ ಅಮ್ಮಾ ಎಂದಿತು. ಚಿಕ್ಕಬೋರಮ್ಮ ಸೆರಗನ್ನು ಬಾಯಿಗೆ ತಂದಳು, ಮತ್ತೆ ತೆಗೆದಳು. ನಾನು ಎಂದಳು. ನಿಂತಳು. ಕೂತವರೆಲ್ಲ ಇದನ್ನು ಮುದುಕಿಯ ಅಂಜಿಕೆ ಎಂದುಕೊಂಡಿರಬೇಕು. ನಲವತ್ತೈದು ವರ್ಷ ಒಬ್ಬ ಹೆಂಗಸು ಬಾಯೊಳಗೆ ಬಿಗಿಹಿಡಿದದ್ದು ಈಗ ಹೊರಗೆ ಬರುತ್ತಿದೆಯೆಂದು ಗೊತ್ತಿದ್ದವಳು ಅಲ್ಲಿ ಒಬ್ಬಳೇ, ಅವಳು ತನ್ನ ಕಾಲುಂಗುರ ನೋಡುತ್ತ ಕೂತಿದ್ದಳು.

“ನಾನು, ಮರಿಸ್ವಾಮಿ... ಮರಿಸ್ವಾಮಿಯೋರ ಎಂಡ್ತಿ, ಚಿಕ್ಕಬೋರಮ್ಮ. ನನ್ ದನೀನ ವಾಪಸ್ ತಕತೀನಿ.”

ಹೇಳಿದವಳೇ ಎಡಗೈಯಿಂದ ತಾಳಿಯನ್ನು ಮುಟ್ಟಿಕೊಂಡು ಕಣ್ಣಿಗೊತ್ತಿಕೊಂಡಳು. ಯಂತ್ರ ಎರಡು ದನಿಗಳನ್ನೂ ಹೋಲಿಸಿ ನೋಡಿತು. ಆಮೇಲೆ ಅದೇ ಎಳೆತದಲ್ಲಿ, ಕ್ಷಮಿಸಿ, ಈ ದನಿ ಚಿಕ್ಕಬೋರಮ್ಮ ಅವರದಲ್ಲ ಎಂದಿತು.

ಇನ್ನೊಮ್ಮೆ ಹೇಳಿಸಿದರು. ಇನ್ನೊಮ್ಮೆಯೂ ಹೇಳಿದಳು, ಈ ಸಲ ಹೆಸರು ತಡವರಿಸದೆ ಬಂತು. ಅವರದಲ್ಲ ಎಂದಿತು ಯಂತ್ರ. ಮುದುಕಿ ರಘುನಂದನನ ಮುಖ ನೋಡಿದಳು, ಯಂತ್ರ ನೋಡಿದಳು, ಕೊನೆಗೆ ಹಿಂದಿನ ಸಾಲಿನಲ್ಲಿ ಪವಿತ್ರಳನ್ನು ಹುಡುಕಿದಳು. ಅದೊಂದು ಕ್ಷಣ. ಎದ್ದು ನಿಂತರೆ ಸಾಕಿತ್ತು. ಮೊಣಕಾಲಿಗೆ ಏಳುವ ಇಚ್ಛೆ ಬಂದಿದ್ದೂ ನಿಜ. ಅಷ್ಟರಲ್ಲಿ ರಘುನಂದನ್ ನಗುತ್ತ, ವಯಸ್ಸಾದವರ ದನಿ ಬದಲಾಗುತ್ತಿರುತ್ತದೆ, ಒಳಗೆ ನೋಡುತ್ತೇವೆ ಎಂದ. ಬಿಳಿಕೂದಲಿನ ಹೆಂಗಸು ಗಂಭೀರವಾಗಿ ಮೈಕು ತೆಗೆದುಕೊಂಡು, ಇದನ್ನು ಸೋಲೆಂದು ತಿಳಿಯಬೇಡಿ, ಸಂದೇಹ ಬಂದಾಗ ಕೊಡಲಿಲ್ಲ, ಅಂದರೆ ಈ ತಾಯಿಯ ದನಿಯನ್ನು ಬೇರೆ ಯಾರೂ ಬಂದು ಮುಟ್ಟಲಾರರು ಎಂದು ಇವತ್ತು ಕಣ್ಣಾರೆ ಕಂಡಂತಾಯಿತು ಎಂದಳು. ಚಪ್ಪಾಳೆ ಬಿತ್ತು. ಪಕ್ಕದವರು ತಟ್ಟಿದ್ದು ನೋಡಿ ಪವಿತ್ರಳ ಕೈಯೂ ಎರಡು ಸಲ ತಟ್ಟಿತು. ವೇದಿಕೆಯ ಮೇಲೆ ಚಿಕ್ಕಬೋರಮ್ಮ, ಯಾಕೆ ತಟ್ಟುತ್ತಿದ್ದಾರೆಂದು ತಿಳಿಯದೆ, ಎಲ್ಲರಿಗೂ ಕೈಮುಗಿದಳು.

ಊಟದ ಹೊತ್ತಿನಲ್ಲಿ ಪವಿತ್ರ ಹಿಂದಿನ ಜಗಲಿಗೆ ಹೋದಳು. ಕೆಳಗೆ ಹೊಳೆ ಬಂಡೆಗಳ ಸಂದಿಯಲ್ಲಿ ಕಮ್ಮಿ ನೀರಿನಲ್ಲಿ ಹರಿಯುತ್ತಿತ್ತು. ಕೈಯಲ್ಲಿದ್ದ ಕಾಗದದ ಕೊನೆಯಲ್ಲಿ ಒಂದು ನಂಬರು, ವಾಪಸಾತಿ ಸೇವೆ ಇಂದಿನಿಂದ ಎಲ್ಲರಿಗೂ. ಒತ್ತಿದಳು. ಅದೇ ದನಿ ಗಟ್ಟಿಯಾಗಿ ಹೇಳಿ ಅಮ್ಮಾ ಎಂದಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಪವಿತ್ರ ಹೇಳಿದಳು: ನಾನು, ಮರಿಸ್ವಾಮಿಯವರ ಹೆಂಡತಿ ಚಿಕ್ಕಬೋರಮ್ಮ, ನನ್ನ ದನಿಯನ್ನು ವಾಪಸು ಪಡೆಯುತ್ತೇನೆ. ಒಂದು ಉಸಿರು ಎಳೆದುಕೊಳ್ಳುವಷ್ಟೂ ತಡವಾಗಲಿಲ್ಲ. ಧನ್ಯವಾದ ಚಿಕ್ಕಬೋರಮ್ಮ ಅವರೇ, ನಿಮ್ಮ ದನಿಯನ್ನು ಗುರುತಿಸಿದ್ದೇವೆ ಎಂದಿತು. ಆಮೇಲೆ ಫೋನಿಗೆ ಸಂದೇಶ ಬಂತು. ಇಂದಿನಿಂದ ಮುಂದಕ್ಕೆ ಅಳಿಸಲಾಗಿದೆ. ಇದಕ್ಕೆ ಮೊದಲೇ ಪಾಲುದಾರ ದೇಶಗಳಿಗೆ ಹೋಗಿರುವ ಪ್ರತಿಗಳು ಆಯಾ ದೇಶದ ಕಾನೂನಿಗೆ ಸೇರಿದ್ದು, ಯಂತ್ರ ಈಗಾಗಲೇ ಕಲಿತದ್ದನ್ನು ಮರೆಸಲಾಗದು. ಅಲ್ಲಿಗೆ ಅರ್ಧ ಅಳಿಸಿತು. ಅಷ್ಟಾದರೂ ಆಯಿತಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿರುವಾಗಲೇ ಅವಳಿಗೆ ತನ್ನ ಮೇಲೆ ಅಸಹ್ಯ ಉಕ್ಕಿಬಂತು. ಒಬ್ಬಳ ಬಾಯಿಂದ ಕೀಳಿಸಿದ ಹೆಸರು ನೆಲಕ್ಕೆ ಬಿತ್ತು, ತಾನು ಕದ್ದು ಹೇಳಿದ ಸುಳ್ಳು ದಕ್ಕಿತು.

ಹೊರಡುವಾಗ ಅರ್ಪಿತ ಬಾಗಿಲಲ್ಲಿ ಅಡ್ಡ ಬಂದಳು. ಮೇಡಂ, ನಾಲ್ಕು ಸಹಿ, ಬಂದದ್ದಕ್ಕೆ, ಊಟಕ್ಕೆ, ಹೀಗೇ ಎಲ್ಲದಕ್ಕೂ, ಅಮ್ಮನವರ ಪರವಾಗಿ ನೀವೇ ಹಾಕಿದರೆ ಸಾಕು ಎಂದಳು. ಮುದುಕಿ ಕುಂಡದ ಹಿಂದೆ ಚಪ್ಪಲಿ ಹುಡುಕುತ್ತಿದ್ದಳು, ಬಸ್ಸಿಗೆ ಹೊತ್ತಾಗಿತ್ತು. ಪವಿತ್ರ ಹಾಳೆ ತಿರುವುತ್ತ ನಾಲ್ಕು ಕಡೆ ಸಹಿ ಹಾಕಿದಳು.

ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಬೋರಮ್ಮ ನೇರ ನಲ್ಲಿಯ ಹತ್ತಿರ ಹೋದಳು. ಬೊಗಸೆಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿ ಉಗಿದಳು. ಮೂರು ಸಲ. ನಾಲಿಗೆಯನ್ನು ಬೆರಳಿನಿಂದ ಉಜ್ಜಿ ಇನ್ನೊಂದು ಸಲ. ಬಸ್ಸಿನಲ್ಲಿ ಕೂತ ಮೇಲೆ ಪವಿತ್ರ, ಅಳಿಸಿದ್ದಾರಂತೆ ಅಮ್ಮ, ಈಗ ಮೆಸೇಜು ಬಂತು, ಮೊದಲು ಮಿಷನ್ನು ಸರಿಯಿರಲಿಲ್ಲವಂತೆ ಎಂದಳು. ಪೂರ್ತಿಯಾ ಎಂದು ಕೇಳಿದಳು ಮುದುಕಿ. ಪೂರ್ತಿ ಎಂದಳು. ಮುದುಕಿಯ ಕಣ್ಣಲ್ಲಿ ನೀರು ಬಂತು, ಪವಿತ್ರಳ ಕೈ ಹಿಡಿದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ರೈಲ್ವೆ ಸ್ಟೇಷನ್ ಬರುವತನಕ ಬಿಡಲಿಲ್ಲ. ಒರಟು ಕೈ, ಬೆಚ್ಚಗಿತ್ತು. ಅದನ್ನು ಬಿಡಿಸಿಕೊಳ್ಳುವ ದಾರಿ ಪವಿತ್ರಳಿಗೆ ತಿಳಿಯಲಿಲ್ಲ.

“ಮಿಸನ್ ಕೆಟ್ಟಿದ್ದಲ್ಲ ಕಣವ್ವ,” ಪಾಂಡವಪುರ ಹತ್ತಿರ ಬಂದಾಗ ಮುದುಕಿ ದನಿ ತಗ್ಗಿಸಿ ಹೇಳಿದಳು. “ನಾನು ಅವ್ರ ಎಸ್ರು ಯೋಳ್ದೆ ನೋಡು, ಅದ್ಕೇ ಅದು ನನ್ ದನೀನ ಒಪ್ಲಿಲ್ಲ. ತಪ್ಪು ನಂದೇಯ. ಊರಲ್ಲಿ ಯಾರ್ಗೂ ಯೋಳ್ಬ್ಯಾಡ. ಅಲ್ಲಿದ್ದೋರೆಲ್ಲ ದೂರದೋರು, ಓಯ್ತಾರೆ. ಗೊತ್ತಿರೋಳು ಅಂದ್ರೆ ನೀನೊಬ್ಳೇ.”

ಇಲ್ಲಮ್ಮ, ಯಾರಿಗೂ ಹೇಳುವುದಿಲ್ಲ ಎಂದಳು ಪವಿತ್ರ. ಆಗಲೂ ಹೇಳಬಹುದಿತ್ತು, ತಪ್ಪು ನಿಮ್ಮದಲ್ಲ ಅನ್ನುವುದೊಂದನ್ನಾದರೂ. ಕಂಡಕ್ಟರು ಸೀಟಿ ಊದಿದ. ಅವಳು ಅವರೆಕಾಯಿ ಚೀಲ ಎತ್ತಿಕೊಂಡು ಇಳಿದಳು. ಬಸ್ಸು ನಾಗಮಂಗಲದ ಬೋರ್ಡು ಹೊತ್ತು ತಿರುಗಿಕೊಂಡಿತು. ಕಿಟಕಿಯಲ್ಲಿ ಚಿಕ್ಕಬೋರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಇನ್ನೊಂದು ಕೈ ಆಡಿಸುತ್ತಿದ್ದಳು.

ಫೋನು ಗುಂಯ್ಗುಟ್ಟಿತು. ಅರ್ಪಿತ ಕಳಿಸಿದ್ದಳು. ಮೇಡಂ, ನೀವು ಸಹಿ ಹಾಕಿಕೊಟ್ಟದ್ದಕ್ಕೆ ಥ್ಯಾಂಕ್ಸ್, ಅಮ್ಮನ ವಿಡಿಯೋ ಮೂರೂ ದೇಶದ ಪೇಜುಗಳಲ್ಲಿ ಹೋಗಿದೆ, ಎಲ್ಲರೂ ತುಂಬ ಇಷ್ಟಪಟ್ಟಿದ್ದಾರೆ. ಕೆಳಗೆ ರೇಷ್ಮೆಸೀರೆಯ ಮುದುಕಿ, ತೆರೆದ ಬಾಯಿ. ನಾಲ್ಕು ಹಾಳೆಗಳಲ್ಲಿ ಯಾವುದು ಎಂದು ಪವಿತ್ರಳಿಗೆ ನೆನಪಾಗಲಿಲ್ಲ, ಯಾವುದನ್ನೂ ಅವಳು ಓದಿರಲಿಲ್ಲ. ಮುಚ್ಚಲು ಹೋದ ಬೆರಳು ಚಿತ್ರಕ್ಕೆ ತಗುಲಿತು. ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆ ಚಿಕ್ಕಬೋರಮ್ಮನ ದನಿ ಗಟ್ಟಿಯಾಗಿ ಎದ್ದಿತು. ನಾನು, ಮರಿಸ್ವಾಮಿ... ಮರಿಸ್ವಾಮಿಯೋರ ಎಂಡ್ತಿ.

ಕಲ್ಲುಬೆಂಚಿನಲ್ಲಿ ಕೂತಿದ್ದ ಒಬ್ಬ ಮುದುಕ ತಲೆಯೆತ್ತಿದ. ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, “ಯಾರದವ್ವ ಅದು ದನಿ? ನಮ್ ತೊಣ್ಣೂರ್ ಕಡೆ ಎಂಗ್ಸು ಮಾತಾಡ್ದಂಗದೆ” ಎಂದ.

ಪವಿತ್ರ ಫೋನನ್ನು ಅವರೆಕಾಯಿಯ ಚೀಲದೊಳಕ್ಕೆ ತುರುಕಿದಳು. ಕಾಯಿಗಳ ನಡುವಿನಿಂದ ದನಿ ಇನ್ನೂ ಬರುತ್ತಲೇ ಇತ್ತು.

“ಗೊತ್ತಿಲ್ಲ” ಎಂದಳು. “ಯಾರದೋ.”